ಬಾಗಿಲು ಕಾದವನ ಕಲ್ಲು

ಸಿಟ್ಟು ಬಂದರೆ ನನ್ನ ಅಣ್ಣ ರಾಘು ಕಾದ ದೋಸೆ ಕಾವಲಿಗೆ ಚೊಂಬುಗಟ್ಟಲೆ ನೀರು ಎರಚುತ್ತಿದ್ದ. ತಮಿಳುನಾಡಿನ ಅಂಬತ್ತೂರಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಹೋಟೆಲಿನ ಅಡುಗೆಮನೆ ಹಬೆಯಲ್ಲಿ ಮುಳುಗುತ್ತಿತ್ತು. ಸಿಟ್ಟೆಲ್ಲ ಊರಾಚೆಯ ಹಾಳು ಕೋಟೆಯ ವಿಷಯಕ್ಕೇ. "ಒಬ್ಬ ಕಲ್ಲು ಕಿತ್ತು ಕೊಟ್ಟಿಗೆ ಕಟ್ತಾನೆ, ಇನ್ನೊಬ್ಬ ಬುರುಜಿನ ಮೇಲೆ ಹುಡುಗಿ ಹೆಸರು ಗೀಚ್ತಾನೆ. ಇವರಿಗೆಲ್ಲ ಎಂತ ದಾಡಿ ಮಾರಾಯ?"

ವಾರದ ರಜೆಗೆ ಅಕ್ಕಿಹಿಟ್ಟಿನ ಪೊಟ್ಟಣ ಹಿಡಿದು ಅಲ್ಲಿಗೇ ಹೋಗುತ್ತಿದ್ದ. ಮುಳ್ಳುಪೊದೆಯಲ್ಲಿದ್ದ ಮುರುಕು ಶಾಸನಕ್ಕೆ ಹಿಟ್ಟು ಸವರಿ ಒರೆಸಿದರೆ ಹಳೆಗಾಲದ ಕನ್ನಡ ಅಕ್ಷರ ಬೆಳ್ಳಗೆ ಏಳುತ್ತಿದ್ದವು. ಐದನೇ ಕ್ಲಾಸು ಕಲಿತ ಅಣ್ಣ ಬಲ್ಲವರನ್ನು ಕೇಳಿ ಕೇಳಿ, ಕೋಟೆಯ ಬಾಗಿಲು ಕಾಯುತ್ತ ಸತ್ತವನ ಕಲ್ಲು ಅದು ಎಂಬಷ್ಟು ಓದಿದ್ದ. ಅವನ ಹೆಸರು ಮಾತ್ರ ಸವೆದಿತ್ತು. "ನಮ್ಮ ಹಾಗೇ ಹೊಟ್ಟೆಪಾಡಿಗೆ ಬಂದವ. ಹೆಸರಾದ್ರೂ ಸಿಗ್ಲಿ."

ನಾನು ಹೋಟೆಲಿನ ತರಕಾರಿ ವ್ಯಾನು ಓಡಿಸುವವ. ಅವನ ರಜೆಯ ದಿನ ಕಾವಲಿಯೂ ನನಗೇ. ಆ ಉರಿ ಒಳಗಿತ್ತು. ತೆಂಗಿನಕಾಯಿ ಒಡೆಯಲು ಕಲ್ಲು ಬೇಕೆಂದು ಧಣಿಗಳು ಹೇಳಿದಾಗ ಆ ಶಾಸನದ ಕಲ್ಲನ್ನೇ ವ್ಯಾನಿಗೆ ಹೇರಿಕೊಂಡು ಬಂದೆ. ಗೊತ್ತಿದ್ದೇ ತಂದೆ. ಅಕ್ಷರದ ಮುಖವೇ ಸಪಾಟಾಗಿತ್ತೆಂದು ಅದನ್ನು ಮೇಲೆ ಮಾಡಿ ಹಿತ್ತಲಲ್ಲಿ ಹಾಕಿದೆ.

ಮುಂದಿನ ರಜೆಯಲ್ಲಿ ಕಲ್ಲು ಕಾಣದೆ ಅಣ್ಣ, ಅಲ್ಲಿಗೆ ಹೋದಾಗಲೆಲ್ಲ ತನಗೆ ಕುಡಿಯಲು ನೀರು ಕೊಡುತ್ತಿದ್ದ ಆಡು ಮೇಯಿಸುವ ಮುದುಕನ ಮೇಲೆ ಹರಿಹಾಯ್ದ. "ತಿರುಡ!" ಎಂದು, ಕಳ್ಳನೆಂದು, ಊರಿನವರೆದುರು ಅವರ ಭಾಷೆಯಲ್ಲೇ ಕೂಗಿದನಂತೆ. ಮುದುಕ ತಲೆಯ ಮೇಲೆ ಕೈಯಿಟ್ಟು, "ಸತ್ಯಮಾ ನಾನ್ ಇಲ್ಲಪ್ಪಾ" ಎಂದು ಆಣೆಯಿಟ್ಟನಂತೆ. ಇದನ್ನೆಲ್ಲ ಅಣ್ಣನ ಬಾಯಿಂದಲೇ ಉಣ್ಣುತ್ತ ಕೇಳಿದೆ. ಇನ್ನೊಂದು ಸೌಟು ಸಾರು ಬಡಿಸಿಕೊಂಡೆ.

ತಿಂಗಳಾದ ಮೇಲೆ ಕಾಯಿ ಒಡೆಯುವವ ಬಾರದ ದಿನ ಅಣ್ಣನೇ ಹಿತ್ತಲಿಗೆ ಹೋದ. ಚಿಪ್ಪು ಸರಿಸಿ, ಹಿಟ್ಟು ತಂದು ಸವರಿದ. ಹೆಸರಿದ್ದ ಜಾಗದಲ್ಲಿ ಬರೀ ಏಟಿನ ಗುಳಿ.

"ನೀನಾ?"

ತಲೆ ತಗ್ಗಿಸಿದೆ.

ಅಂದು ಅವನು ನೀರು ಎರಚಲಿಲ್ಲ, ಕೂಗಲೂ ಇಲ್ಲ. "ಕಲ್ಲು ಹಾಳಾಗ್ಲಿ. ಆ ಅಜ್ಜನನ್ನು ಕಳ್ಳ ಅಂದೆ ಅಂತ ನಾನು ಹೇಳುವಾಗ ನೀನು ಸಾರು ಬಡಿಸಿಕೊಳ್ತಿದ್ದೆಯಲ್ಲಾ! ಹೋಗಿ ಅವನ ಕಾಲಿಗೆ ಬೀಳು. ಆಮೇಲೆ ನನ್ನನ್ನು ಅಣ್ಣ ಅನ್ನು."

ಅಣ್ಣ ತಾನು ಅವತ್ತೇ ಹೋಗಿ ಮುದುಕನ ಕಾಲಿಗೆ ಬಿದ್ದ. ಅಲ್ಲಿಂದಲೇ ನಮ್ಮೂರಿಗೆ ಹೊರಟುಹೋದ. ನನ್ನ ಫೋನು ಎತ್ತುವುದಿಲ್ಲ.

ನನ್ನ ವ್ಯಾನು ಈಗಲೂ ಕೋಟೆಯ ಪಕ್ಕದಲ್ಲೇ ಹೋಗುತ್ತದೆ. ಆಡು ದಾಟಿಸುವಾಗ ಮುದುಕ ನಿಲ್ಲು ಎಂದು ಕೈ ಎತ್ತುತ್ತಾನೆ. ನಿಲ್ಲುತ್ತೇನೆ. ಇಳಿಯುವುದಿಲ್ಲ. ಕೊನೆಯ ಆಡು ದಾಟುವ ಮೊದಲೇ ಹಾರ್ನ್ ಒತ್ತುತ್ತೇನೆ.