ಸ್ಯಾನ್ ಡಿಯೇಗೊಗೆ ಒಯ್ದ ಸ್ವೆಟರ್

ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಾನು ಮತ್ತು ನನ್ನ ತಂಗಿ ವನಜ ವೆಸ್ಟ್ ಕೊವಿನಾದ ಅವಳ ಮನೆಯಿಂದ ಕಾರಿನಲ್ಲಿ ಹೊರಟೆವು. ನನ್ನ ಮಡಿಲಲ್ಲಿ ಹಳೆಯ ದಿಂಬಿನ ಹೊದಿಕೆಯಲ್ಲಿ ಸುತ್ತಿದ ಒಂದು ಉಣ್ಣೆಯ ಸ್ವೆಟರ್ ಇತ್ತು. ಮಧ್ಯಾಹ್ನದೊಳಗೆ ಅದರ ಮುಂಭಾಗವನ್ನು ಕತ್ತರಿಯಿಂದ ಸೀಳಿ, ಪಟ್ಟಿ ಮತ್ತು ಗುಂಡಿ ಹೊಲಿದು, ಸಂಜೆಯ ರೈಲಿನಲ್ಲಿ ನಾನೊಬ್ಬಳೇ ಸ್ಯಾನ್ ಡಿಯೇಗೊಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ವನಜಳ ಮಗಳು ಅಂಜಲಿ ಅಲ್ಲಿನ ಲಾ ಹೋಯಾದಲ್ಲಿ ಸಮುದ್ರದ ವಿಷಯ ಓದುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳು ಸಂಶೋಧನೆಯ ಹಡಗು ಹತ್ತುವವಳಿದ್ದಳು. ಅಲಾಸ್ಕದಾಚೆಯ ತಣ್ಣನೆಯ ಸಮುದ್ರದಲ್ಲಿ ತಿರುಗಾಡಿ ಹಿಂದಿರುಗುವುದು ಆಗಸ್ಟ್ ಕೊನೆಗೆ.

ವನಜ ಮಗಳನ್ನು ಬೀಳ್ಕೊಡಲು ಬರುವುದಿಲ್ಲ ಎಂದು ವಾರದ ಹಿಂದೆಯೇ ಹೇಳಿದ್ದಳು. ನನ್ನನ್ನು ಮೊದಲು ಸ್ಯಾನ್ ಪೀಡ್ರೊಗೆ, ಅಲ್ಲಿಂದ ಲಾಸ್ ಏಂಜಲೀಸಿನ ರೈಲು ನಿಲ್ದಾಣಕ್ಕೆ ಬಿಟ್ಟು ಮನೆಗೆ ಹಿಂದಿರುಗುತ್ತೇನೆ ಎಂದಿದ್ದಳು. ಅವಳ ಗಂಡ ರಘುರಾಮ ಸ್ಯಾನ್ ಪೀಡ್ರೊ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಆ ವಾರ ಅವರು ಸಿಯಾಟಲ್‌ಗೆ ಹೋಗಿದ್ದರು. ಮಗಳನ್ನು ಹಿಂದಿನ ಭಾನುವಾರವೇ ನೋಡಿಕೊಂಡು ಬಂದಿದ್ದರು. ಗಂಡನ ಅನ್ನವೇ ಹಡಗಿನದಾದರೂ ವನಜ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹಡಗುಕಟ್ಟೆಗೆ ಕಾಲಿಟ್ಟಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನಮ್ಮ ಅಣ್ಣ ಸದಾಶಿವ ಬೊಂಬಾಯಿಯಿಂದ ಸರಕು ಹಡಗಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಮಂಗಳೂರಿನ ಮನೆಗೆ ತಂತಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ವನಜ ಇನ್ನೂ ಲಂಗ ತೊಡುವ ಹುಡುಗಿ. ದೇಹ ಸಿಗಲಿಲ್ಲ. ಅಮ್ಮ ಬಹಳ ಕಾಲ ಬಾಗಿಲಿಗೆ ಅಗುಳಿ ಹಾಕಲು ಬಿಡುತ್ತಿರಲಿಲ್ಲ.

ಈ ಸ್ವೆಟರಿನ ವಿಷಯ ಹೇಳಬೇಕು. ನಾನು ಮಂಗಳೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ, ಹೆಣಿಗೆ ಕಲಿಸುವವಳು. ನಮ್ಮೂರಿನ ಸೆಖೆಯಲ್ಲಿ ಉಣ್ಣೆ ಹೆಣೆಯುವ ವಿದ್ಯೆ ಪರೀಕ್ಷೆಗೆ ಮಾತ್ರ ಉಪಯೋಗ. ರಜೆ ಹಾಕಿ ತಂಗಿಯ ಮನೆಗೆ ಬಂದ ಮೊದಲ ವಾರ, ಮನೆಯಲ್ಲಿ ಸುಮ್ಮನೆ ಕೂರಲಾರದೆ ರಘುರಾಮರ ಜೊತೆ ಕಾರಿನಲ್ಲಿ ಸ್ಯಾನ್ ಪೀಡ್ರೊಗೆ ಹೋಗಿದ್ದೆ. ಅವರ ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಉಣ್ಣೆ ಅಂಗಡಿ. ಒಳಗೆ ಕಿಟಕಿಯ ಪಕ್ಕ ಬಿಳಿ ಕೂದಲಿನ ಎತ್ತರದ ಹೆಂಗಸೊಬ್ಬರು ಎರಡು ಬಣ್ಣದ ದಾರವನ್ನು ಎರಡು ಕೈಯಲ್ಲಿ ಹಿಡಿದು, ಕಡ್ಡಿಗಳ ಕಡೆ ನೋಡದೆಯೇ ಹೆಣೆಯುತ್ತಿದ್ದರು. ಅವರ ಮಡಿಲಿನಲ್ಲಿ ಎಂಟು ಎಸಳಿನ ನಕ್ಷತ್ರಗಳು ಸಾಲಾಗಿ ಏಳುತ್ತಿದ್ದವು. ರಂಗೋಲಿಯ ಚುಕ್ಕಿ ಇಟ್ಟು ಅಭ್ಯಾಸವಿದ್ದ ನನಗೆ ಲೆಕ್ಕ ಕೂಡಲೇ ತಲೆಗೆ ಹತ್ತಿತು. ಕೈಗೆ ಬರಲು ಮಾತ್ರ ಮೂರು ವಾರ ಬೇಕಾಯಿತು. ಅವರು ನಾರ್ವೆ ದೇಶದವರು. ಮೀನುಗಾರ ಗಂಡನ ಜೊತೆ ಬಂದು ಇಲ್ಲೇ ನೆಲೆಸಿದವರು, ಈಗ ವಿಧವೆ. ಹೆಸರು ಬೆರಿಟ್. ಬರೀ ಬೆರಿಟ್ ಅನ್ನಿ ಎಂದರು. ನನಗೆ ನಾಲಗೆ ಏಳಲಿಲ್ಲ, ಬೆರಿಟಮ್ಮ ಎಂದೆ. ಅವರು ನಕ್ಕು ಒಪ್ಪಿಕೊಂಡರು.

ಗುರುವಾರಗಳಂದು ಹೋಗಿ ಕಲಿತು, ಅಂಜಲಿಗೆಂದು ಒಂದು ಸ್ವೆಟರ್ ಶುರು ಮಾಡಿದೆ. ಕಡುನೀಲಿ ನೆಲ, ಬಿಳಿ ನಕ್ಷತ್ರ, ಕುತ್ತಿಗೆಯ ಸುತ್ತ ಕೆಂಪು ಅಂಚು. ಅವರ ಪದ್ಧತಿಯಲ್ಲಿ ಮುಂದೆ ತೆರೆಯುವ ಸ್ವೆಟರನ್ನೂ ಚೀಲದ ಹಾಗೆ ಸುತ್ತಲೂ ಹೆಣೆದು, ಎಲ್ಲ ಮುಗಿದ ಮೇಲೆ ನಡುವೆ ಕತ್ತರಿಸುತ್ತಾರೆ. ಹೆಣಿಗೆಯಲ್ಲಿ ಒಂದು ಕುಣಿಕೆ ಬಿಟ್ಟರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

ನಡುವೆ ಒಂದು ಅನಾಹುತವಾಯಿತು. ಲೈಬ್ರರಿಯಿಂದ ತಂದ ಹೆಣಿಗೆಯ ಪುಸ್ತಕವೊಂದನ್ನು ಊಟದ ಮೇಜಿನ ಮೇಲಿಟ್ಟುಕೊಂಡು ವನಜಳಿಗೆ ಓದಿ ಹೇಳುತ್ತಿದ್ದೆ. ನಾರ್ವೆ ಕಡೆಯ ಮೀನುಗಾರರ ಊರುಗಳಲ್ಲಿ ಪ್ರತಿ ಊರಿಗೂ ಒಂದೊಂದು ವಿನ್ಯಾಸವಿತ್ತಂತೆ, ಮುಳುಗಿದವರ ದೇಹ ದಡಕ್ಕೆ ಬಂದರೆ ಸ್ವೆಟರ್ ನೋಡಿ ಗುರುತು ಹಿಡಿಯುತ್ತಿದ್ದರಂತೆ ಎಂದು ಓದಿಬಿಟ್ಟೆ. ವನಜ ತಟ್ಟೆ ಎತ್ತಿಕೊಂಡು ಎದ್ದಳು.

"ಅದನ್ನು ನನ್ನ ಮಗಳ ಮೈಗೆ ಹಾಕ್ಬೇಡ ಅಕ್ಕ," ಎಂದಳು.

"ಅಯ್ಯೋ, ಪುಸ್ತಕದಲ್ಲಿ ಇದ್ದದ್ದು ಮಾರಾಯ್ತಿ. ನಾನು ಹೆಣೆಯುವುದು ಚಳಿಗೆ."

"ಚಳಿಗೆ ಅಂಗಡಿಯಲ್ಲಿ ಜಾಕೆಟ್ ಸಿಗ್ತದೆ."

ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಹೆಣಿಗೆಯನ್ನೂ ಬಿಡಲಿಲ್ಲ. ಅವಳ ಎದುರಿಗೆ ತೆಗೆಯುವುದನ್ನು ಮಾತ್ರ ಬಿಟ್ಟೆ.

ಸ್ಯಾನ್ ಪೀಡ್ರೊಗೆ ನಲವತ್ತು ಮೈಲಿ. ಫ್ರೀವೇಯಲ್ಲಿ ಆಫೀಸಿಗೆ ಹೋಗುವವರ ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದವು. ವೆಸ್ಟ್ ಕೊವಿನಾದಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬಂದರಿನ ಹತ್ತಿರ ಬಂದಂತೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಜೂನ್ ತಿಂಗಳಿಡೀ ಕರಾವಳಿಯಲ್ಲಿ ಹೀಗೇ, ಮಧ್ಯಾಹ್ನದವರೆಗೆ ಮೋಡ ಬಿಡುವುದಿಲ್ಲ. ಹಸಿರು ತೂಗುಸೇತುವೆಯ ಮೇಲ್ಭಾಗ ಮಂಜಿನಲ್ಲಿ ಕಾಣಿಸುತ್ತಿರಲಿಲ್ಲ.

ಬೆರಿಟಮ್ಮನ ಮನೆ ಇಳಿಜಾರಿನ ಬೀದಿಯಲ್ಲಿತ್ತು. ಬಾಗಿಲು ತೆರೆದವರ ಬಲಗೈಗೆ ಪ್ಲಾಸ್ಟರ್! ಮಂಗಳವಾರ ಹಿತ್ತಲ ಮೆಟ್ಟಿಲಲ್ಲಿ ಜಾರಿದರಂತೆ. ಕತ್ತರಿಸುವ ಕೆಲಸ ಅವರದೆಂದು ಮಾತಾಗಿತ್ತು.

"ಫೋನ್ ಮಾಡಿದ್ದರೆ ನೀವು ಬರುತ್ತಿರಲಿಲ್ಲ," ಎಂದರು ಅವರು. "ಕತ್ತರಿ ನೀವೇ ಹಿಡಿಯಿರಿ. ನಾನು ಬಾಯಲ್ಲಿ ಹೇಳುತ್ತೇನೆ."

ಅಡುಗೆಮನೆಯ ಮೇಜು ಒರೆಸಿ ಸ್ವೆಟರ್ ಹರಡಿದೆವು. ಕತ್ತರಿಸುವ ಜಾಗದ ಎರಡೂ ಬದಿಗೆ ಹಿಂದಿನ ದಿನವೇ ಕೈಹೊಲಿಗೆ ಹಾಕಿ ತಂದಿದ್ದೆ. ವನಜ ಕಾರಿನ ಕೀಲಿಕೈ ಹಿಡಿದುಕೊಂಡೇ ಬಾಗಿಲ ಬಳಿ ನಿಂತಿದ್ದಳು. ಕೂರಿ ಎಂದರೂ ಕೂರಲಿಲ್ಲ. ನಾನು ಕೆಳಗಿನ ಅಂಚಿನಿಂದ ಕತ್ತರಿ ಆಡಿಸತೊಡಗಿದೆ. ಮೊದಲ ಸದ್ದಿಗೆ ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಏನೂ ಆಗಿರಲಿಲ್ಲ. ಒರಟು ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಹಾಗೆಯೇ ನಿಂತಿದ್ದವು. ನೀಲಿ, ಬಿಳಿ, ನಕ್ಷತ್ರಗಳ ನಡುವೆ ಕತ್ತರಿ ಸಲೀಸಾಗಿ ಸಾಗಿತು. ಧೈರ್ಯ ಬಂದು ಕೈ ಬೇಗ ಓಡಿಸಿದೆ.

ಕೆಂಪು ಅಂಚನ್ನು ದಾಟಿದ ಮೇಲೆ ಎಡವಟ್ಟಾಯಿತು. ಅಂಗಡಿಯಲ್ಲಿ ಕೆಂಪು ಉಣ್ಣೆ ಮುಗಿದಿದ್ದರಿಂದ ನಾನು ವೆಸ್ಟ್ ಕೊವಿನಾದ ಮಾಲ್‌ನಿಂದ ಅದೇ ಬಣ್ಣದ ದಾರ ತಂದು ಹೆಣೆದಿದ್ದೆ. ಅದು ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ನುಣುಪಾದ ಕೃತಕ ದಾರ. ಮುಟ್ಟಲು ಮೆತ್ತಗಿದೆ ಎಂದು ಸಂತೋಷಪಟ್ಟಿದ್ದೆ. ಈಗ ಆ ನುಣುಪು ದಾರ ನನ್ನ ಹೊಲಿಗೆಯ ಸಂದಿನಿಂದ ಜಾರಿ, ಕುಣಿಕೆಗಳು ಒಂದರ ಹಿಂದೆ ಒಂದು ಬಾಯಿ ಬಿಡತೊಡಗಿದವು. ಕತ್ತರಿ ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಬಾಗಿಲ ಬಳಿಯಿಂದ ವನಜ ಯಾವಾಗ ಬಂದಳೋ ಗೊತ್ತಿಲ್ಲ. ಕೀಲಿಕೈ ನೆಲಕ್ಕೆ ಬಿದ್ದ ಸದ್ದು ಕೇಳಿತು. ಅಷ್ಟರಲ್ಲಿ ಅವಳ ಎರಡೂ ಕೈಗಳು ಸ್ವೆಟರಿನ ಮೇಲಿದ್ದವು. ಬಿಚ್ಚಿಕೊಳ್ಳುತ್ತಿದ್ದ ಕುಣಿಕೆಗಳನ್ನು ಎರಡು ಬದಿಯಲ್ಲೂ ಬೆರಳುಗಳಿಂದ ಚಿವುಟಿ ಹಿಡಿದಿದ್ದಳು.

"ಎಂತ ನೋಡ್ತಾ ನಿಂತಿದ್ದಿ? ಸೂಜಿ ತಾ!"

"ಬಿಡಬೇಡಿ," ಎಂದರು ಬೆರಿಟಮ್ಮ. "ನಿಮ್ಮ ಅಕ್ಕ ಒಂದೊಂದಾಗಿ ಎತ್ತಿ ಹೊಲಿಯಲಿ. ಅದುವರೆಗೆ ಬೆರಳು ಸಡಿಲಿಸಬೇಡಿ."

ಕ್ರೋಶಾ ಸೂಜಿಯಿಂದ ಒಂದೊಂದೇ ಕುಣಿಕೆ ಎತ್ತಿ ನೀಲಿ ಉಣ್ಣೆಯಿಂದ ಕಟ್ಟಿದೆ. ಒಂದು ಬದಿ ಮುಗಿಯುವಷ್ಟರಲ್ಲಿ ಹೊರಗೆ ಮೋಡ ತೆಳುವಾಗತೊಡಗಿತ್ತು. ವನಜ ಬಗ್ಗಿಯೇ ನಿಂತಿದ್ದಳು. ಬೆರಿಟಮ್ಮ ಎಡಗೈಯಿಂದ ಕುರ್ಚಿ ಎಳೆದು ಅವಳ ಹಿಂದಿಟ್ಟರು. ಕೈ ಬಿಡುವಂತಿಲ್ಲದ್ದರಿಂದ ಈಗ ಅವಳು ಕೂತಳು. ಬೆರಿಟಮ್ಮ ಅವಳ ಬಾಯಿಗೆ ಲೋಟ ಹಿಡಿದು ಕಾಫಿ ಕುಡಿಸಿದರು. ಎರಡು ಗುಟುಕು ಕುಡಿದು ವನಜ ಕೇಳಿದಳು.

"ಸ್ವೆಟರ್ ನೋಡಿ ಹೆಣ ಗುರುತು ಹಿಡೀತಿದ್ರಂತೆ. ಹೌದಾ?"

ಬೆರಿಟಮ್ಮ ಲೋಟ ಕೆಳಗಿಟ್ಟರು. "ನನ್ನ ಊರಿನಲ್ಲಿ ನಾನು ನೋಡಿಲ್ಲ," ಎಂದರು. "ಪುಸ್ತಕದವರಿಗೆ ಆ ಕಥೆ ಇಷ್ಟ. ಗಂಡಸರು ಸ್ವೆಟರ್ ಹಾಕುತ್ತಿದ್ದದ್ದು ಚಳಿಗೆ. ನನ್ನ ಗಂಡ ನಲವತ್ತು ವರ್ಷ ಸಮುದ್ರಕ್ಕೆ ಹೋದರು. ಪ್ರತಿ ಸಲವೂ ಬಂದು, ಒದ್ದೆ ಬೂಟು ಇಲ್ಲೇ ಬಿಟ್ಟು, ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದರು. ಕೊನೆಗೆ ಸತ್ತದ್ದು ಆ ಕೋಣೆಯ ಹಾಸಿಗೆಯಲ್ಲಿ."

"ನಮ್ಮ ಅಣ್ಣ ಬರ್ಲಿಲ್ಲ," ಎಂದಳು ವನಜ.

"ನನ್ನ ತಮ್ಮನೂ ಬರಲಿಲ್ಲ," ಎಂದರು ಅವರು. "ಹೋಗುವ ದಿನ ನಾವೆಲ್ಲ ದಡದಲ್ಲಿದ್ದೆವು. ಅವನು ಕೈ ಬೀಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ."

ಇನ್ನೊಂದು ಬದಿಯ ಕುಣಿಕೆ ಎತ್ತುವಾಗ ಅವಳ ಬೆರಳ ತುದಿ ಬೆಳ್ಳಗಾಗಿದ್ದನ್ನು ನೋಡಿದೆ. "ನೋಯ್ತದಾ?" ಎಂದೆ. "ನೀನು ಹೊಲಿ," ಎಂದಳು.

ಮೊದಲೇ ಹೆಣೆದಿಟ್ಟಿದ್ದ ಪಟ್ಟಿಗಳಲ್ಲಿ ಒಂದನ್ನು ಹಚ್ಚಿ ಮುಗಿಸುವಾಗ ನನ್ನ ರೈಲಿಗೆ ಹೊರಡುವ ಹೊತ್ತು ಮೀರಿತ್ತು. ನಿಲ್ದಾಣ ಅಲ್ಲಿಂದ ಇಪ್ಪತ್ತೈದು ಮೈಲಿ, ಅದೂ ಶುಕ್ರವಾರದ ಟ್ರಾಫಿಕ್ಕಿನಲ್ಲಿ. ಆಮೇಲಿನ ರೈಲು ತಲುಪುವುದು ಬಹಳ ತಡವಾಗಿ. ವನಜ ಗೋಡೆ ಗಡಿಯಾರ ನೋಡಿದಳು.

"ಅಷ್ಟು ಹೊತ್ತಿಗೆ ನಿನ್ನನ್ನು ಒಬ್ಬಳೇ ಕಳಿಸ್ಲಿಕ್ಕೆ ಆಗ್ತದಾ? ಡ್ರೈವ್ ಮಾಡ್ತೇನೆ. ಅವಳ ಅಪಾರ್ಟ್‌ಮೆಂಟಿಗೆ ಬಿಟ್ಟು ವಾಪಸ್ ಬರ್ತೇನೆ."

ನಾನು ಕೂಡಲೇ ಕಾರು ಹತ್ತಿದೆ. ಬೆರಿಟಮ್ಮ ತಮ್ಮ ಗಂಡನ ಹಳೆಯ ಸ್ವೆಟರಿನಿಂದ ತೆಗೆದ ತವರದ ಗುಂಡಿಗಳನ್ನು ಕಿಟಕಿಯೊಳಗೆ ಕೈ ಹಾಕಿ ಕೊಟ್ಟರು.

ಸ್ಯಾನ್ ಡಿಯೇಗೊಗೆ ನೂರು ಮೈಲಿಗಿಂತ ಸ್ವಲ್ಪ ಹೆಚ್ಚು. ಎರಡು ಗಂಟೆಯ ದಾರಿಗೆ ನಮಗೆ ಮೂರೂವರೆ ಗಂಟೆ ಹಿಡಿಯಿತು. ಕಾರು ನಿಂತಾಗಲೆಲ್ಲ ನಾನು ಎರಡನೆಯ ಪಟ್ಟಿ ಹೊಲಿದೆ. ಮನೆಯಿಂದ ತಂದ ಚಪಾತಿ ಪಲ್ಯ ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ತಿಂದೆವು. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆಗೆ ಸಮುದ್ರ ರಸ್ತೆಯ ಪಕ್ಕಕ್ಕೇ ಬಂದಿತು. ರಸ್ತೆಬದಿಯ ಹಳದಿ ಫಲಕದಲ್ಲಿ ಗಂಡ, ಹೆಂಡತಿ, ಅವಳ ಕೈಹಿಡಿದ ಮಗು ಓಡುತ್ತಿರುವ ಚಿತ್ರ. ಪಕ್ಕದ ದೇಶದಿಂದ ಗಡಿ ದಾಟಿ ಕದ್ದು ಬಂದವರು ಇಲ್ಲಿ ರಸ್ತೆಗೆ ಅಡ್ಡ ಓಡುತ್ತಾರೆ, ನಿಧಾನವಾಗಿ ಹೋಗಿ ಎಂಬ ಸೂಚನೆಯಂತೆ. ವನಜ ಅದನ್ನು ವಿವರಿಸಿದಳು. ಸಮುದ್ರದ ಕಡೆ ತಿರುಗಿ ನೋಡಲಿಲ್ಲ.

ಲಾ ಹೋಯಾದ ಅಪಾರ್ಟ್‌ಮೆಂಟಿನ ಬಾಗಿಲು ತೆರೆದ ಅಂಜಲಿ ನನ್ನನ್ನು ನೋಡಿ ನಕ್ಕಳು. ಹಿಂದೆ ನಿಂತಿದ್ದ ತಾಯಿಯನ್ನು ಕಂಡು ನಗು ನಿಲ್ಲಿಸಿದಳು.

"ಅಮ್ಮ? ಯೂ ಕೇಮ್?"

"ದೊಡ್ಡಮ್ಮನ ಟ್ರೇನ್ ಮಿಸ್ ಆಯ್ತು," ಎಂದಳು ವನಜ.

ಮನೆ ತುಂಬ ರಟ್ಟಿನ ಪೆಟ್ಟಿಗೆಗಳು, ರಬ್ಬರ್ ಬೂಟುಗಳು. ಗುಂಡಿ ಹೊಲಿದು ಮುಗಿಸಿ ಸ್ವೆಟರ್ ಕೊಟ್ಟೆ. ಅಂಜಲಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ತೋಳು ಒಂದಿಷ್ಟು ಉದ್ದ. ಕುತ್ತಿಗೆಯ ಬಳಿ ಕೆಂಪು ಅಂಚು ಸೇರುವಲ್ಲಿ ಹೆಣಿಗೆ ಸುರುಟಿ ನಿಂತಿತ್ತು. ಅವಳು ಅದನ್ನು ಬೆರಳಲ್ಲಿ ಮುಟ್ಟಿ, "ವಾಟ್ ಹ್ಯಾಪನ್ಡ್ ಹಿಯರ್, ದೊಡ್ಡಮ್ಮ?" ಎಂದಳು.

ನಾನು ನನ್ನ ಅಕ್ರಿಲಿಕ್ ಪ್ರತಾಪ ಹೇಳುವ ಮೊದಲೇ ವನಜ, "ಅದು ನಾನು ಹಿಡ್ಕೊಂಡಿದ್ದ ಜಾಗ," ಎಂದಳು.

ಆ ರಾತ್ರಿ ವನಜ ವಾಪಸ್ ಹೋಗುವ ಮಾತೆತ್ತಲಿಲ್ಲ. ತಾಯಿ ಮಗಳು ಹಾಸಿಗೆಯಲ್ಲಿ, ನಾನು ಸೋಫಾದಲ್ಲಿ ಮಲಗಿದೆವು.

ಶನಿವಾರ ಬೆಳಿಗ್ಗೆ ಪಾಯಿಂಟ್ ಲೋಮಾದ ಹಡಗುಕಟ್ಟೆಗೆ ಹೋದೆವು. ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಹಡಗು ನಾನೆಣಿಸಿದ್ದಕ್ಕಿಂತ ಚಿಕ್ಕದು, ಬಿಳಿ ಬಣ್ಣದ್ದು, ಹಿಂಭಾಗದಲ್ಲಿ ಕ್ರೇನುಗಳು. ಮನೆಯವರು ಹಡಗು ಹತ್ತಿ ಅರ್ಧ ಗಂಟೆ ಇರಬಹುದು ಎಂದರು. ಏಣಿಯ ಬುಡದಲ್ಲಿ ವನಜ ನಿಂತಳು. ಅಂಜಲಿ ಎರಡು ಮೆಟ್ಟಿಲು ಇಳಿದು ಬಂದು ಕೈ ಚಾಚಿದಳು. ವನಜ ಕೈ ಹಿಡಿಯದೆ, ಕಂಬಿ ಹಿಡಿದು ತಾನೇ ಹತ್ತಿದಳು.

ಹತ್ತಿದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಮಲಗುವ ಅಟ್ಟಣೆಯ ಹಾಸಿಗೆ ಒತ್ತಿ ನೋಡಿದಳು. ಅಡುಗೆಯವನನ್ನು ಹುಡುಕಿ, ಮಾಂಸ ತಿನ್ನದವರಿಗೆ ಏನು ಮಾಡುತ್ತೀರಿ ಎಂದು ವಿಚಾರಿಸಿದಳು. ಬೀನ್ಸ್, ಅನ್ನ, ಮೊಸರು ಉಂಟೆಂದು ಅವನು ತೆರೆದು ತೋರಿಸಿದ. ಕೊನೆಗೆ ಲೈಫ್ ಜಾಕೆಟ್ ತೆಗೆಸಿ ಅದರ ಬಕಲ್ ಎಳೆದೆಳೆದು ನೋಡತೊಡಗಿದಳು.

"ಅಮ್ಮ, ದೇ ಚೆಕ್ ಇಟ್ ಎವ್ರಿ ವೀಕ್," ಎಂದಳು ಅಂಜಲಿ.

"ಚೆಕ್ ಮಾಡ್ಲಿ. ನಾನೂ ಒಮ್ಮೆ ನೋಡ್ತೇನೆ."

ನಾವು ಇಳಿದ ಸ್ವಲ್ಪ ಹೊತ್ತಿಗೆ ಹಗ್ಗ ಬಿಚ್ಚಿದರು. ಅಷ್ಟರಲ್ಲಿ ಮೋಡ ಹರಿದು ಒಳ್ಳೆ ಬಿಸಿಲು ಬಿದ್ದಿತು. ಬೆಳಿಗ್ಗೆಯಿಂದ ಸ್ವೆಟರ್ ಹಾಕಿಕೊಂಡೇ ಓಡಾಡಿದ್ದ ಅಂಜಲಿ ಸೆಖೆ ತಾಳಲಾರದೆ ಅದನ್ನು ಕಳಚಿ, ತೋಳುಗಳನ್ನು ಸೊಂಟಕ್ಕೆ ಗಂಟು ಹಾಕಿಕೊಂಡಳು. ಹಾಗೆಯೇ ಕಂಬಿಗೆ ಒರಗಿ ಕೈ ಬೀಸಿದಳು. ವನಜ ಮೊದಲು ಎದೆಯ ಮಟ್ಟಕ್ಕೆ, ಆಮೇಲೆ ತಲೆಯ ಮೇಲಕ್ಕೆ ಕೈ ಎತ್ತಿ ಬೀಸಿದಳು. ಹಡಗು ಕೊಲ್ಲಿಯ ಬಾಯಿಯ ಕಡೆಗೆ ದಕ್ಷಿಣಕ್ಕೆ ಸಾಗಿ ಗುಡ್ಡದ ಮೂಲೆಯಲ್ಲಿ ಮರೆಯಾಯಿತು. ಬೀಳ್ಕೊಡಲು ಬಂದಿದ್ದ ಉಳಿದವರು ಒಬ್ಬೊಬ್ಬರಾಗಿ ಹೊರಟುಹೋದರು.

ಕಾರಿನ ಹತ್ತಿರ ಬಂದು ನಾನು ಬಾಗಿಲು ತೆರೆದೆ. ವನಜ ಕೂರಲಿಲ್ಲ. ಗೇಟಿನ ಕಡೆ ನೋಡಿದಳು.

"ಒಂದು ನಿಮಿಷ ಇರು ಅಕ್ಕ," ಎಂದಳು. "ಆಗಸ್ಟಿನಲ್ಲಿ ಹಡಗು ಬರುವ ದಿನ ಕಾರು ಎಲ್ಲಿ ಪಾರ್ಕ್ ಮಾಡ್ಬೇಕು ಅಂತ ಆ ಕಾವಲಿನವನ ಹತ್ರ ಕೇಳಿ ಬರ್ತೇನೆ."