ಅಕ್ಕನಿಗೆ ಒಯ್ದ ಅಗಸಿ ಚಟ್ನಿ

“ಪೇಶಂಟ್‌ಗೆ ದಿನಾ ಅಗಸಿ ಕೊಡ್ತಿದ್ರೇನು?” ಹಾವೇರಿಯ ಡಾಕ್ಟರು ಕೇಳಿದರು.

“ಒಂದ್ ದಿನಾನೂ ತಪ್ಪಿಸಿಲ್ರಿ ಸರ್!” ಎಂದೆ. ಎದೆಯುಬ್ಬಿಸಿಕೊಂಡೇ ಹೇಳಿದೆ, ನಾಚಿಕೆಯಿಲ್ಲದವನು. ಒಳಗೆ ವಾರ್ಡಿನಲ್ಲಿ ನನ್ನ ಅಕ್ಕ ಬಲಗೈ ಎತ್ತಲಾರದೆ ಮಲಗಿದ್ದಳು. ಬಾಯಿ ಸೊಟ್ಟಗಾಗಿತ್ತು. ಲಕ್ವಾ.

ಅಕ್ಕ ಇರುವುದು ಬ್ಯಾಡಗಿಯಲ್ಲಿ, ನಾನು ರಾಣೆಬೆನ್ನೂರಿನಲ್ಲಿ. ಆರು ತಿಂಗಳ ಹಿಂದೆ ಬಿಪಿ ಹೆಚ್ಚಾಗಿದೆಯೆಂದು ಇದೇ ಡಾಕ್ಟರ ಹತ್ತಿರ ನಾನೇ ಕರೆತಂದಿದ್ದೆ. ಮಾತ್ರೆ ಬರೆದುಕೊಟ್ಟು, “ಉಪ್ಪು ಕಡಿಮಿ ಮಾಡ್ರಿ. ದಿನಾ ಒಂದು ಚಮಚ ಅಗಸಿ ಹುರಿದು ಪುಡಿ ಮಾಡಿ ತಿನ್ರಿ, ಚಲೋ” ಎಂದಿದ್ದರು.

ಅಗಸಿ! ನಮ್ಮ ಕಡೆಯವರಿಗೆ ಅಗಸೆ ಬೀಜದ ಪಾಠ ಬೇಕೆ? ರೊಟ್ಟಿಯ ಪಕ್ಕ ಅಗಸಿ ಚಟ್ನಿ ಇಲ್ಲದ ತಾಟು ಇದೆಯೆ? ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅಕ್ಕ ನಕ್ಕಿದ್ದಳು. “ಇಷ್ಟಕ್ಕ ಹಾವೇರಿ ತನಕಾ ಬರಬೇಕಿತ್ತೇನೋ ತಮ್ಮಾ? ನಿನ್ನ ಹೆಂಡ್ತಿ ಕುಟ್ಟೋ ಚಟ್ನೀನ ಔಷಧ ಆತಲ್ಲೋ!”

ಅಂದಿನಿಂದ ಪ್ರತಿ ರವಿವಾರ ಒಂದು ಡಬ್ಬಿ ಚಟ್ನಿ ಹಿಡಿದು ಬ್ಯಾಡಗಿ ಬಸ್ ಹತ್ತಿದೆ. ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು. ಮತ್ತೆ ಉಪ್ಪು. (ಕೈತುಂಬ ಉಪ್ಪು ಬೀಳದಿದ್ದರೆ ಅದೆಂಥ ಚಟ್ನಿ?) ಅಕ್ಕ ಸಾರಿಗೆ, ಪಲ್ಯಕ್ಕೆ ಉಪ್ಪು ಕಡಿಮೆ ಮಾಡಿದಳು. ಊಟ ಸಪ್ಪಗಾಯಿತು. ಅದಕ್ಕೆ ಚಟ್ನಿ ಎರಡು ಚಮಚ ಜಾಸ್ತಿ ಹಾಕಿಕೊಂಡಳು. “ಇನ್ನೊಂದೀಟು ಹಾಕ್ಕೋ, ಔಷಧ ಐತಿ” ಎಂದವನು ಯಾರು? ನಾನೇ.

ಸಾಲದ್ದಕ್ಕೆ ಇದೇ ಅಂಕಣದಲ್ಲಿ ಅಗಸಿಯ ಗುಣಗಾನ ಬೇರೆ ಮಾಡಿದ್ದೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ರೆಸಿಪಿ ಕೇಳಿದಿರಿ. ಖುಷಿಯಿಂದ ಕೊಟ್ಟೆ.

“ಹೆಂಗ ಕೊಡ್ತಿದ್ರಿ?” ಡಾಕ್ಟರು ಬಿಡಲಿಲ್ಲ.

“ಚಟ್ನಿ ಮಾಡಿ...”

“ಅದಕ್ಕ ಉಪ್ಪು?”

“ಹಾಕ್ತಿದ್ವಿರಿ ಸರ್... ಕೈತುಂಬ” ಎಂದೆ.

“ಇದೊಂದರಿಂದನ ಹಿಂಗಾತು ಅಂತ ನಾ ಹೇಳಂಗಿಲ್ರಿ. ಆದ್ರ ಬಿಪಿ ಇಳಿಯಾಕ ನೀವು ಬಿಡಲಿಲ್ಲ. ಅವತ್ತು ನಾ ಎರಡು ಮಾತು ಹೇಳಿದ್ದೆ. ಒಂದನ್ನ ಮನಿಗೆ ಒಯ್ದ್ರಿ, ಒಂದನ್ನ ಇಲ್ಲೇ ಬಿಟ್ಟು ಹೋದ್ರಿ.”

ನಾವೆಲ್ಲ ಹೀಗೇ ಅಲ್ಲವೆ? ಹೆಲ್ತ್ ಟಿಪ್ಸ್ ಎಂದರೆ ನಮಗೆ ಏನನ್ನಾದರೂ ಹೊಸದಾಗಿ ತಿನ್ನುವುದು. ಅಗಸಿ ತಿನ್ನು ಎಂದರೆ ಊರಿಗೆಲ್ಲ ಫಾರ್ವರ್ಡ್ ಮಾಡುತ್ತೇವೆ. ಉಪ್ಪು ಬಿಡು ಎಂದರೆ ಕಿವಿಯೇ ಕೇಳಿಸುವುದಿಲ್ಲ. ಪಾಪ, ಅಗಸಿಯದೇನು ತಪ್ಪು?

ಈಗ ಬುದ್ಧಿ ಬಂದು ಏನು ಬಂತು? ಅಕ್ಕನ ಬಲಗೈ ಮೊದಲಿನಂತಾಗುವುದು ಕಷ್ಟ ಎಂದಿದ್ದಾರೆ. ತಾನೇ ರೊಟ್ಟಿ ಬಡಿದು ಬಿಸಿಬಿಸಿ ಹಾಕಿದರೇ ಸಮಾಧಾನ ಅವಳಿಗೆ.

ನಿನ್ನೆ ಹೆಂಡತಿ ಅಗಸಿಯನ್ನು ಬರಿದೇ ಹುರಿದು ಪುಡಿ ಮಾಡಿಕೊಟ್ಟಳು. ಗಂಜಿಗೆ ಕಲಸಿ ಅಕ್ಕನಿಗೆ ಉಣಿಸಿದೆ. ನಿಧಾನವಾಗಿ ನುಂಗಿದಳು. ತೊದಲುತ್ತ ಹೇಳಿದಳು, “ಉಪ್ಪ ಹಾಕಾಕ ಮರತಾಳ ನೋಡ್. ಪಾಪ, ಆಕಿಗಿ ಏನೂ ಅನಬ್ಯಾಡ.”

ಅನ್ನಬೇಕಾದದ್ದು ಯಾರಿಗೆ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ?