ಡಾಕ್ಟರಮ್ಮ ಕೈಬಿಟ್ಟ ಎಂಟು ತಿಂಗಳು

ಅವರ ಎಡಗೈ ಬೆರಳ ತುದಿಗಳಲ್ಲಿ ಸಾಸಿವೆ ಉದುರಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಚಿಕ್ಕಂದಿನಿಂದಲೇ ಸಕ್ಕರೆ ಕಾಯಿಲೆ ಇದ್ದವರು. ವರ್ಷಗಟ್ಟಲೆ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿ ನೋಡಿಕೊಂಡ ಕೈ ಅದು. ಊರವರಿಗೂ ನನಗೂ ಅವರು ಡಾಕ್ಟರಮ್ಮ.

ನಾನು ಮದುವೆಯಾಗಿ ಮೈಸೂರಿನಿಂದ ಕೊಯಮತ್ತೂರು ಬಳಿಯ ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದವಳು. ತಮಿಳು ಸರಿಯಾಗಿ ಬಾರದ ನನಗೆ ಕೆಲಸ ಸಿಕ್ಕಿದ್ದು ಕನ್ನಡದ ದೆಸೆಯಿಂದ. ಧಾರಾಪುರದ ಸುತ್ತಿನ ಹಳ್ಳಿಗಳಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ವಯಸ್ಸಾದ ರೈತರ ಬಗ್ಗೆ ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದರು. ಅಲ್ಲಿ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಸಕ್ಕರೆ ಅಳೆದು, ಏನು ತಿಂದರು, ಎಷ್ಟು ಹೊತ್ತು ಹೊಲದಲ್ಲಿದ್ದರು, ತಲೆ ಸುತ್ತಿತೇ ಎಂದು ಕೇಳಿ ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ.

"ಶುಗರ್ ಇಳಿಸೋದು ಹೆಂಗೆ ಅಂತ ಎಲ್ಲಾರೂ ಬರೆದವ್ರೆ. ಜಾಸ್ತಿ ಇಳಿದು ಹೊಲದಲ್ಲಿ ಮಯಕ್ಕ ಬಂದು, ತಲೆ ಸುತ್ತಿ ಬಿದ್ರೆ ಯಾರು ಎಬ್ಬಿಸ್ತಾರೆ? ಅದ ಯಾರೂ ಕೇಳ್ಲಿಲ್ಲ ನೋಡು," ಎಂದಿದ್ದರು ಮೊದಲ ದಿನ. ಅವರದು ಕೊಯಮತ್ತೂರಿನಲ್ಲಿ ಬಹುಕಾಲದಿಂದ ನೆಲೆಸಿದ ಕನ್ನಡ ಮನೆತನ. ಕನ್ನಡ ಲಿಪಿ ಓದಲು ಬಾರದು. ಮಾತಿನಲ್ಲಿ ತಮಿಳಿನ ರಾಗ. ನನ್ನ ಮಾತು ಕೇಳಿ, "ಏನಮ್ಮಾ, ಪುಸ್ತಕ ಓದ್ದಂಗೆ ಮಾತಾಡ್ತೀಯಲ್ಲಾ!" ಎಂದು ನಗುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಡುತ್ತಿದ್ದರು. ಸೂಲೂರು ದಾಟುತ್ತಲೇ ಸಜ್ಜೆ ರೊಟ್ಟಿಯ ಡಬ್ಬಿ ಬಿಚ್ಚಿ, ಅರ್ಧ ನನ್ನ ಮಡಿಲಿಗಿಟ್ಟು, ಆಮೇಲೆ ತಾವು ತಿನ್ನುವರು. ಮನೆಗಳಲ್ಲಿ ಕುರ್ಚಿ ಹಾಕಿದರೂ ನೆಲದ ಮೇಲೇ ಕೂರುವರು. "ಊಟ ಆಯ್ತಾ ಅಂತ ಎಲ್ಲಾರೂ ಮರ್ಯಾದಿಗೆ ಕೇಳ್ತಾರೆ. ನಾವು ಉತ್ತರಕ್ಕೆ ಕೇಳ್ಬೇಕು," ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

ಎಂಟನೆಯ ತಿಂಗಳು ನಾನು ತಪ್ಪು ಮಾಡಿದೆ. ಅಂದು ಮಗಳಿಗೆ ಜ್ವರವೆಂದು ಅತ್ತೆಯ ಫೋನು ಬಂತು. ಉಳಿದಿದ್ದು ಒಂದೇ ಮನೆ, ಜೋಳದ ಹೊಲದಾಚೆ ಒಬ್ಬಳೇ ಇದ್ದ ಅಜ್ಜಿಯದು. ಅಲ್ಲಿಗೆ ನಡೆದರೆ ಬಸ್ಸು ತಪ್ಪುತ್ತಿತ್ತು. ಹಿಂದಿನ ತಿಂಗಳ ಅಂಕಿಯನ್ನೇ ಚೂರು ಬದಲಿಸಿ ಬರೆದು, 'ತಲೆಸುತ್ತು ಇಲ್ಲ' ಎಂದು ಗುರುತು ಹಾಕಿ ಬಸ್ಸು ಹತ್ತಿದೆ.

ಮುಂದಿನ ಸಲ ಡಾಕ್ಟರಮ್ಮನೂ ಜೊತೆಗೆ ಬಂದರು. ಅಜ್ಜಿಯ ಹಣೆಯಲ್ಲಿ ವಾಸಿಯಾದ ಗಾಯದ ಗುರುತಿತ್ತು.

"ಹೋದ ತಿಂಗ್ಳು ಹೊಲದಲ್ಲಿ ಬಿದ್ದೋದೆ ಕಣಮ್ಮಾ. ಬೆಳಗ್ಗೆ ಏನೂ ತಿಂದಿರ್ಲಿಲ್ಲ, ಸೂಜಿ ಮಾತ್ರ ಹಾಕ್ಕೊಂಡಿದ್ದೆ. ಈ ಹುಡ್ಗಿ ಬರ್ತಾಳೆ, ಹೇಳಾಣ ಅಂತ ಇದ್ದೆ. ಬರ್ಲೇ ಇಲ್ಲ!"

ಡಾಕ್ಟರಮ್ಮ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಅಜ್ಜಿಯ ಬೆರಳು ಚುಚ್ಚಿ ನೋಡಿದರು, ಇನ್ಸುಲಿನ್ ಪ್ರಮಾಣ ಇಳಿಸಿದರು, ತಿನ್ನದೆ ಸೂಜಿ ಹಾಕಿಕೊಳ್ಳಬಾರದೆಂದು ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದರು. ಬಸ್ ಸ್ಟಾಪಿನಲ್ಲಿ ಕೇಳಿದರು: "ಇನ್ನೆಷ್ಟು ಮನೆ ಹಿಂಗೆ ಬರೆದೆ?"

"ಇದೊಂದೇ ಮೇಡಂ. ಆಣೆ ಮಾಡಿ ಹೇಳ್ತೀನಿ."

"ನಾನು ನಂಬ್ತೀನಮ್ಮಾ. ಆದ್ರೆ ಓದೋರು ಯಾಕೆ ನಂಬಬೇಕು?"

ನಾನು ತಂದಿದ್ದ ಎಂಟೂ ತಿಂಗಳ ಅಂಕಿಗಳನ್ನು ಅವರು ಕೈಬಿಟ್ಟರು. ಕೆಲಸದಿಂದ ಮಾತ್ರ ನನ್ನನ್ನು ಬಿಡಿಸಲಿಲ್ಲ. ಮೊದಲ ಮನೆಯಿಂದ ಮತ್ತೆ ಶುರುಮಾಡಿಸಿದರು. ಮಗಳಿಗೆ ಹುಷಾರಿಲ್ಲದ ದಿನ ತಾವೇ ನನ್ನ ಚೀಲ ಹೊತ್ತು ಹೋದರು. ಅಷ್ಟರಲ್ಲಿ ಬೇರೆಲ್ಲೋ ಯಾರೋ ಇದೇ ವಿಷಯದ ಮೇಲೆ ಬರೆದು ಪ್ರಕಟಿಸಿಬಿಟ್ಟರು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. ನಾನು ಅತ್ತುಬಿಟ್ಟೆ. "ಅಳ್ಬೇಡ. ಒಳ್ಳೇದಾಗೇ ಬರೆದವ್ರೆ," ಎಂದು ಆ ಹಾಳೆಗಳನ್ನು ನನ್ನ ಕೈಗಿತ್ತರು.

ತಡವಾಗಿ ಬಂದ ನಮ್ಮ ಪ್ರಬಂಧದಲ್ಲಿ ಒಬ್ಬ ಕಾರ್ಯಕರ್ತೆಯ ಅಂಕಿಗಳನ್ನು ಏಕೆ ಬಿಡಲಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದಿತ್ತು. ಲೇಖಕರ ಸಾಲಿನ ಕೊನೆಯಲ್ಲಿ ನನ್ನ ಹೆಸರೂ ಇತ್ತು.

"ನನ್ನ ಹೆಸರು ಯಾಕೆ ಮೇಡಂ?"

"ಅದ್ರಲ್ಲಿ ಬರೆದಿರೋದಕ್ಕೆ ನೀನೂ ಜವಾಬ್ದಾರಿ ಅಂತ. ತಪ್ಪಿಸ್ಕೊಳ್ಳಾಕಾಗಲ್ಲ ಇನ್ನು," ಎಂದು ನಕ್ಕರು.

ಮುಂದೆ ಕೆಲವು ವರ್ಷಗಳಲ್ಲಿ ಅವರ ಮೂತ್ರಪಿಂಡಗಳು ಸೋತವು. ಡಯಾಲಿಸಿಸ್‌ಗೆ ಹೋಗುವಾಗಲೂ ಹಳ್ಳಿಗಳಿಂದ ನಾನು ತಂದ ಹಾಳೆಗಳನ್ನು ಒಯ್ದು, ಎಡಗೈಗೆ ಸೂಜಿ ಚುಚ್ಚಿದ್ದರೂ ಬಲಗೈಯಲ್ಲಿ ಹಿಡಿದು ಓದುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ ನಾನು ಧಾರಾಪುರದ ಹಳ್ಳಿಯಲ್ಲಿದ್ದೆ, ಇನ್ನೂ ಎರಡು ಮನೆ ಉಳಿದಿದ್ದವು. ಮೊದಲನೆಯದರಲ್ಲಿ ನೆಲದ ಮೇಲೆ ಕೂತು, ಊಟ ಆಯ್ತೇ ಎಂದು ಕೇಳಿ, ಉತ್ತರ ಬರೆದುಕೊಂಡೆ. ಎರಡನೆಯದಕ್ಕೆ ನಡೆದುಹೋದೆ. ಬಾಗಿಲಿಗೆ ಬೀಗ ಹಾಕಿತ್ತು. ಜಗಲಿಯ ಮೇಲೆ ಹಾಳೆ ಇಟ್ಟುಕೊಂಡು, 'ಮನೆಯಲ್ಲಿ ಯಾರೂ ಇರಲಿಲ್ಲ' ಎಂದು ಬರೆದು, ಕೊಯಮತ್ತೂರಿನ ಬಸ್ಸು ಹತ್ತಿದೆ.